ಸಾಧನೆಯ ಪುಸ್ತಿಕೆಗೆ ವೋಚರ್ ಹುಡುಕಿದ್ದು

2024ರ ಲೋಕಸಭಾ ಚುನಾವಣೆಗೆ ಮುನ್ನ ನಮ್ಮ ಊರಿನ ಮನೆಮನೆಗೂ ಒಂದು ಪುಸ್ತಿಕೆ ಬಂತು. ನುಣುಪು ಕಾಗದ, ಪುಟಪುಟಕ್ಕೂ ಸಂಸದರ ಭಾವಚಿತ್ರ, ಐದು ವರ್ಷಗಳ ಸಾಧನೆಯ ವಿವರ. ನಾನು ಸಹಕಾರ ಸಂಘಗಳ ಲೆಕ್ಕಪರಿಶೋಧನೆ ಮಾಡಿಯೇ ಜೀವನ ಸಾಗಿಸಿದವನು. ಎಂಥ ಚಂದದ ವಾರ್ಷಿಕ ವರದಿ ಕೈಗೆ ಬಂದರೂ ಇದಕ್ಕೆ ವೋಚರ್, ಅಂದರೆ ಆಧಾರದ ಚೀಟಿ, ಎಲ್ಲಿದೆ ಎಂದು ಕೇಳುವುದು ರಕ್ತಗತವಾಗಿದೆ. ಪುಸ್ತಿಕೆ ಮುಖ್ಯವಾಗಿ ಮೂರು ಮಾತು ಹೇಳುತ್ತಿತ್ತು: ಸಂಸದರು ಐತಿಹಾಸಿಕ ಮಸೂದೆಗಳಿಗೆಲ್ಲ ಮತ ಹಾಕಿದ್ದಾರೆ, ಸದನಕ್ಕೆ ತಪ್ಪದೆ ಹಾಜರಾಗಿ ನೂರಾರು ಪ್ರಶ್ನೆ ಕೇಳಿದ್ದಾರೆ, ತಮ್ಮ ನಿಧಿಯಿಂದ 25 ಕೋಟಿ ರೂಪಾಯಿಯ ಕಾಮಗಾರಿ ಮಾಡಿಸಿದ್ದಾರೆ. ಮೂರನ್ನೂ ಪರಿಶೀಲಿಸೋಣ ಎಂದು ಪೆನ್ಸಿಲ್ ಹಿಡಿದು ಕುಳಿತೆ.

ಸಂಸದರ ಹೆಸರು ಹೇಳುವುದಿಲ್ಲ, ಪಕ್ಷವನ್ನೂ ಹೇಳುವುದಿಲ್ಲ. ಆ ಚುನಾವಣೆಯಲ್ಲಿ ಅವರು ಗೆದ್ದರೋ ಸೋತರೋ ಎಂಬುದೂ ಇಲ್ಲಿ ಬೇಡ. ಹೇಳಿದರೆ ಓದುವವರು ಲೆಕ್ಕ ಬಿಟ್ಟು ಪಕ್ಷ ಹಿಡಿಯುತ್ತಾರೆ.

ಮೊದಲು ಕೈಹಾಕಿದ್ದು ಮತದಾನದ ದಾಖಲೆಗೆ. ಶಾಸನ ರೂಪಿಸಲೆಂದು ಆರಿಸಿ ಕಳಿಸಿದವರು ಯಾವ ಮಸೂದೆಗೆ ಹೇಗೆ ಮತ ಹಾಕಿದರು ಎಂಬ ಪಟ್ಟಿ ಎಲ್ಲಕ್ಕಿಂತ ಸುಲಭವಾಗಿ ಸಿಗಬೇಕಲ್ಲವೇ? ಲೋಕಸಭೆಯ ನಡಾವಳಿ ಅಂತರ್ಜಾಲದಲ್ಲಿ ದಿನವಹಿ ಸಿಗುತ್ತದೆ. ಯಾರು ಏನು ಮಾತಾಡಿದರು, ಯಾರು ಅಡ್ಡಿಪಡಿಸಿದರು, ಎಷ್ಟು ಗಂಟೆಗೆ ಸದನ ಮುಂದಕ್ಕೆ ಹೋಯಿತು, ಎಲ್ಲವೂ ಅದರಲ್ಲಿದೆ. ಮತದ ವಿಷಯಕ್ಕೆ ಬಂದಾಗ ಮಾತ್ರ ಹೆಚ್ಚಿನ ಕಡೆ ಒಂದೇ ಸಾಲು: ಪ್ರಸ್ತಾವ ಅಂಗೀಕಾರವಾಯಿತು.

ಕಾರಣ ಧ್ವನಿಮತ. ಸ್ಪೀಕರ್ ಪ್ರಸ್ತಾವವನ್ನು ಸದನದ ಮುಂದಿಡುತ್ತಾರೆ. ಪರವಾಗಿರುವವರು ಹೌದು ಎನ್ನುತ್ತಾರೆ, ವಿರೋಧಿಸುವವರು ಇಲ್ಲ ಎನ್ನುತ್ತಾರೆ. ಕಿವಿಗೆ ಬಿದ್ದ ಸದ್ದಿನ ಮೇಲೆ ತೀರ್ಮಾನವಾಗುತ್ತದೆ. ಅದನ್ನು ಒಪ್ಪದೆ ಯಾರಾದರೂ ಮತವಿಭಜನೆ ಕೇಳಿದರೆ ಮಾತ್ರ ಗಂಟೆ ಬಾರಿಸಿ, ಬಾಗಿಲು ಮುಚ್ಚಿ, ಸದಸ್ಯರಿಂದ ಹಸಿರು, ಕೆಂಪು ಅಥವಾ ಹಳದಿ ಗುಂಡಿ ಒತ್ತಿಸುತ್ತಾರೆ. ಆಗಷ್ಟೇ ಹೆಸರು ದಾಖಲಾಗುತ್ತದೆ. ಕಾರ್ಯವಿಧಾನದ 367ನೇ ನಿಯಮದಲ್ಲಿ ಇನ್ನೂ ಒಂದು ಕಿಂಡಿ ಇದೆ. ವಿಭಜನೆ ಅನಗತ್ಯ ಎಂದು ಸ್ಪೀಕರ್‌ಗೆ ಅನಿಸಿದರೆ ಸದಸ್ಯರನ್ನು ಇದ್ದಲ್ಲೇ ಎದ್ದು ನಿಲ್ಲಿಸಿ ತಲೆ ಎಣಿಸಬಹುದು. ಹಾಗೆ ಎಣಿಸಿದಾಗ ಹೆಸರುಗಳನ್ನು ಬರೆದುಕೊಳ್ಳುವುದಿಲ್ಲ.

ಹೆಸರು ಸಿಕ್ಕ ಕೆಲವು ಸಂದರ್ಭಗಳಿವೆ. ಸಂವಿಧಾನ ತಿದ್ದುಪಡಿಗೆ ವಿಶೇಷ ಬಹುಮತ ಬೇಕಾದ್ದರಿಂದ ಅಲ್ಲಿ ಎಣಿಕೆ ತಪ್ಪುವುದಿಲ್ಲ. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿಯ ಮಸೂದೆಗೆ 454 ಪರ, 2 ವಿರುದ್ಧ. ಹೊಸ ಕಟ್ಟಡದಲ್ಲಿ ಆಗಿನ್ನೂ ಗುಂಡಿಯ ವ್ಯವಸ್ಥೆ ಇರಲಿಲ್ಲವಾದ್ದರಿಂದ ಚೀಟಿಯಲ್ಲಿ ಮತ ಹಾಕಿಸಿದರು. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಮಸೂದೆ ನಡುರಾತ್ರಿ ದಾಟಿದ ಮೇಲೆ 311ಕ್ಕೆ 80ರಂತೆ ಅಂಗೀಕಾರವಾದದ್ದರ ಪಟ್ಟಿಯೂ ಇದೆ. ಈ ಪಟ್ಟಿಗಳನ್ನು ಓದುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು. ಹೆಸರುಗಳು ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿ, ಮನೆತನದ ಹೆಸರು ಮೊದಲು ಬರುವಂತೆ ಇರುತ್ತವೆ. ಊರಿನ ಹೆಸರು, ಅಪ್ಪನ ಹೆಸರು ಸೇರಿಸಿಕೊಳ್ಳುವ ನಮ್ಮ ಕಡೆಯವರು ಯಾವ ಅಕ್ಷರದ ಕೆಳಗೆ ಕುಳಿತಿರುತ್ತಾರೆ ಎಂಬುದನ್ನು ತಡಕಿಯೇ ತಿಳಿಯಬೇಕು. ಪಟ್ಟಿಯಲ್ಲಿ ಹೆಸರಿಲ್ಲ ಎಂದು ಥಟ್ಟನೆ ಗೈರುಹಾಜರಿ ಹಾಕುವಂತೆಯೂ ಇಲ್ಲ. ಗುಂಡಿ ಕೈಕೊಟ್ಟವರು ಚೀಟಿಯಲ್ಲಿ ಮತ ಬರೆದುಕೊಟ್ಟಿರುತ್ತಾರೆ, ಅವರ ಹೆಸರು ಅಡಿಟಿಪ್ಪಣಿಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ.

ನನ್ನ ನೆರೆಯವರಿಗೆ ಬೇಕಾಗಿದ್ದದ್ದು ಇದ್ಯಾವುದೂ ಅಲ್ಲ, ಮೂರು ಕೃಷಿ ಕಾಯ್ದೆಗಳ ವಿಚಾರ. 2020ರ ಸೆಪ್ಟೆಂಬರ್‌ನಲ್ಲಿ ಅವು ಲೋಕಸಭೆಯಲ್ಲಿ ಪಾಸಾದದ್ದು ಧ್ವನಿಮತದಲ್ಲಿ. ರಾಜ್ಯಸಭೆಯಲ್ಲಿ ವಿರೋಧಪಕ್ಷಗಳು ಮತವಿಭಜನೆ ಬೇಕೆಂದು ಗಲಾಟೆ ಮಾಡಿದರೂ ಅಲ್ಲೂ ಧ್ವನಿಮತವೇ ಆಯಿತು. ದೆಹಲಿಯ ಗಡಿಯಲ್ಲಿ ರೈತರು ವರ್ಷವಿಡೀ ಕುಳಿತ ಮೇಲೆ 2021ರ ನವೆಂಬರ್ 29ರಂದು ಅವನ್ನು ರದ್ದುಪಡಿಸಿದ್ದು ಸಹ ಧ್ವನಿಮತದಲ್ಲಿ, ಚರ್ಚೆಯಿಲ್ಲದೆ, ನಿಮಿಷಗಳ ಲೆಕ್ಕದಲ್ಲಿ. ತಂದಾಗಲೂ ಹೆಸರಿಲ್ಲ, ತೆಗೆದಾಗಲೂ ಹೆಸರಿಲ್ಲ. 2023ರ ಆಗಸ್ಟ್‌ನಲ್ಲಿ ಸರ್ಕಾರದ ಮೇಲಿನ ಅವಿಶ್ವಾಸ ನಿರ್ಣಯ ಬಿದ್ದದ್ದೂ ಹಾಗೆಯೇ. ವಿರೋಧಪಕ್ಷದವರು ಹೊರನಡೆದಿದ್ದರಿಂದ ಎಣಿಸಿ ಎನ್ನುವವರು ಒಳಗೆ ಉಳಿದಿರಲಿಲ್ಲ.

ಇನ್ನು ಹೆಸರು ದಾಖಲಾದ ಮತವಾದರೂ ಅವರ ಸ್ವಂತದ್ದೇ? 1985ರಲ್ಲಿ ಸಂವಿಧಾನಕ್ಕೆ ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿ ಸೇರಿದ ಮೇಲೆ ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಆದೇಶ, ಮೀರಿ ಮತ ಹಾಕಿದರೂ, ಮತ ಹಾಕದೆ ಕುಳಿತರೂ ಸದಸ್ಯತ್ವಕ್ಕೇ ಕುತ್ತು. ಹೀಗಾಗಿ ಮತದ ಪಟ್ಟಿ ನೋಡಿ ತಿಳಿಯುವುದು ಪಕ್ಷದ ನಿಲುವನ್ನೇ ಹೊರತು ನಮ್ಮ ಸಂಸದರ ಮನಸ್ಸನ್ನಲ್ಲ. ಪುಸ್ತಿಕೆಯ ಆ ಪುಟದ ಅಂಚಿನಲ್ಲಿ ‘ಪರಿಶೀಲನೆಗೆ ದಾಖಲೆ ಸಾಲದು’ ಎಂದು ಬರೆದು ಪುಟ ತಿರುಗಿಸಿದೆ.

ಹಾಜರಾತಿಯ ಅಂಕಿ ಸುಲಭದಲ್ಲಿ ಸಿಕ್ಕಿತು. ಸಂಸತ್ತಿನ ಜಾಲತಾಣದಲ್ಲೂ ಇದೆ, ಶಾಸನಸಭೆಗಳ ಕೆಲಸವನ್ನು ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆ ಪ್ರತಿ ಸಂಸದರ ಹಾಜರಾತಿ, ಪ್ರಶ್ನೆ, ಚರ್ಚೆ, ಖಾಸಗಿ ಮಸೂದೆಗಳನ್ನು ಒಂದೇ ಪುಟದಲ್ಲಿ ಜೋಡಿಸಿಯೂ ಕೊಡುತ್ತದೆ. ನಮ್ಮವರ ಹಾಜರಾತಿ ಚೆನ್ನಾಗಿಯೇ ಇತ್ತು. ಆದರೆ ಆ ಸಹಿಯ ಹಿಂದಿನ ಕಾನೂನನ್ನು ಓದಿದಾಗ ನನ್ನ ಕಸುಬಿನ ಕಣ್ಣು ತೆರೆಯಿತು. ಸಂಸದರ ವೇತನ ಮತ್ತು ಭತ್ಯೆಗಳ 1954ರ ಕಾಯ್ದೆಯ ಪ್ರಕಾರ ಅಧಿವೇಶನದ ದಿನ ಪುಸ್ತಕದಲ್ಲಿ ಸಹಿ ಹಾಕಿದರೆ ಮಾತ್ರ ದಿನಭತ್ಯೆ. ಆಗ ಅದು 2,000 ರೂಪಾಯಿ ಇತ್ತು, 2025ರ ಮಾರ್ಚ್‌ನ ಆದೇಶದಲ್ಲಿ ಹಿಂದಿನ ದಿನಾಂಕದಿಂದ ಅನ್ವಯವಾಗುವಂತೆ 2,500 ಆಯಿತು; ಮಾಸಿಕ ವೇತನ 1,24,000ಕ್ಕೆ ಏರಿತು. ಲೆಕ್ಕದವನಿಗೆ ಇದು ಹಾಜರಾತಿಯಲ್ಲ, ಭತ್ಯೆಯ ವೋಚರ್. ಸಹಿ ಹಾಕಿ ಐದು ನಿಮಿಷಕ್ಕೆ ಹೊರಟವರೂ, ರಾತ್ರಿಯವರೆಗೆ ಕುಳಿತವರೂ ಅದರಲ್ಲಿ ಒಂದೇ. ಮಂತ್ರಿಗಳು ಸಹಿಯನ್ನೇ ಹಾಕಬೇಕಿಲ್ಲ, ಪ್ರಶ್ನೆಯನ್ನೂ ಕೇಳುವುದಿಲ್ಲ; ಅವರ ಕ್ಷೇತ್ರದವರು ಅಂಕಿ ಹುಡುಕಿಕೊಂಡು ಹೋದರೆ ಖಾಲಿ ಕೋಷ್ಟಕ ಕಾಣುತ್ತದೆ. ಅದನ್ನು ಸೋಮಾರಿತನ ಎಂದು ಓದಿಕೊಂಡು ಜಗಳವಾಡಿದವರನ್ನು ನಾನು ಬಲ್ಲೆ.

ಪ್ರಶ್ನೆಗಳಿಗೆ ಬಂದಾಗ ಮೊದಲ ಸಲ ಆಸಕ್ತಿ ಹುಟ್ಟಿತು. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ರಹಿತ ಪ್ರಶ್ನೆ. ಮೊದಲನೆಯದಕ್ಕೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆಯನ್ನೂ ಎದುರಿಸಬೇಕು. ಎರಡನೆಯದಕ್ಕೆ ಲಿಖಿತ ಉತ್ತರ ಸಾಕು. ಯಾರ ಪ್ರಶ್ನೆ ಬರಬೇಕೆಂಬುದು ಲಾಟರಿಯಲ್ಲಿ ತೀರ್ಮಾನವಾಗುವುದರಿಂದ ಚುಕ್ಕೆ ಗುರುತಿನ ಪ್ರಶ್ನೆ ಸಿಗಲಿಲ್ಲ ಎಂದು ಯಾರನ್ನೂ ದೂರುವಂತಿಲ್ಲ. ನಾನು ನಮ್ಮ ಸಂಸದರ ಪ್ರಶ್ನೆಗಳನ್ನು ಒಂದೊಂದಾಗಿ ತೆರೆದು ಓದಿದೆ. ಒಂದೇ ಪ್ರಶ್ನೆಯ ತಲೆಯ ಮೇಲೆ ಆರೇಳು ಸಂಸದರ ಹೆಸರು ಸಾಲಾಗಿ ಇರುವುದು ಬಹಳ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಕಟ್ಟುವುದು ಸಚಿವಾಲಯದ ರೂಢಿ. ಹಾಗಿದ್ದರೂ ಬೇರೆ ಬೇರೆ ರಾಜ್ಯದವರ ವಾಕ್ಯರಚನೆಯೂ ಒಂದೇ ಆಗಿದ್ದರೆ ಬರೆದ ಕೈ ಯಾರದ್ದು ಎಂಬ ಸಂಶಯ ಬರದಿರುವುದಿಲ್ಲ. ಕಡಲನ್ನೇ ಕಾಣದ ನಮ್ಮ ಕ್ಷೇತ್ರದ ಸಂಸದರು ಪೂರ್ವ ಕರಾವಳಿಯ ಬಂದರೊಂದರ ಹೂಳಿನ ಬಗ್ಗೆ ಕೇಳಿದ್ದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಇಂಥವನ್ನೆಲ್ಲ ಒಂದು ಕಡೆಗೆ ಸರಿಸಿದೆ.

ಸರಿಸಿದ ಮೇಲೆ ಉಳಿದದ್ದು ಚಿಕ್ಕ ಕಟ್ಟು, ಆದರೆ ತೂಕದ್ದು. ಅಡಿಕೆ ಆಮದಿನ ಬಗ್ಗೆ ಅವರು ಬಿಡದೆ ಕೇಳಿದ್ದರು. ಯಾವ ದೇಶದಿಂದ ಎಷ್ಟು ಬಂತು, ಕನಿಷ್ಠ ಆಮದು ಬೆಲೆಯ ಕೆಳಗೆ ಬರುತ್ತಿರುವುದನ್ನು ತಡೆಯಲು ಏನು ಮಾಡಿದ್ದೀರಿ ಎಂದು ವರ್ಷ ಬಿಟ್ಟು ವರ್ಷ ಕೆದಕಿದ್ದರು. 2023ರ ಫೆಬ್ರುವರಿಯಲ್ಲಿ ಆ ಬೆಲೆ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿತು. ಅದು ಇವರೊಬ್ಬರಿಂದಲೇ ಆಯಿತೆನ್ನಲು ನನ್ನಲ್ಲಿ ಆಧಾರವಿಲ್ಲ. ಅಡಿಕೆ ಬೆಳೆಗಾರರ ಸಂಘಗಳೂ ಬೇರೆ ಸಂಸದರೂ ಒತ್ತಾಯಿಸಿದ್ದರು. ಆದರೆ ಎಲೆಚುಕ್ಕಿ ರೋಗದ ಬಗ್ಗೆ ಇವರು ಕೇಳಿದ ಪ್ರಶ್ನೆಗೆ ಬಂದ ಉತ್ತರದಲ್ಲಿ ನಮ್ಮ ತಾಲ್ಲೂಕಿನ ಯಾವ ರೈತನಿಗೂ ಗೊತ್ತಿರದ ಅಂಕಿಗಳಿದ್ದವು. ವಿಚಿತ್ರವೆಂದರೆ ಪುಸ್ತಿಕೆಯಲ್ಲಿ ಈ ಪ್ರಶ್ನೆಗಳ ಸುಳಿವೇ ಇರಲಿಲ್ಲ. ಅವರ ಅತ್ಯುತ್ತಮ ಕೆಲಸ ಅವರ ಪ್ರಚಾರದವರಿಗೇ ತಿಳಿದಿರಲಿಲ್ಲ.

ನಡಾವಳಿ ಓದುವಾಗ ಕಂಡ ಇನ್ನೊಂದು ಸಂಗತಿ. ಅವರು ಒಮ್ಮೆ ತುರ್ತು ವಿಷಯ ಎತ್ತುವ ಶೂನ್ಯವೇಳೆಯಲ್ಲಿ ಕನ್ನಡದಲ್ಲಿ ಮಾತನಾಡಿದ್ದರು. ಮುದ್ರಿತ ದಾಖಲೆಯಲ್ಲಿ ಇರುವುದು ಇಂಗ್ಲಿಷ್ ಅನುವಾದ, ಕೆಳಗೆ ‘ಮೂಲತಃ ಕನ್ನಡದಲ್ಲಿ ಮಾಡಿದ ಭಾಷಣ’ ಎಂಬ ಟಿಪ್ಪಣಿ. 1967ರಲ್ಲಿ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತನಾಡಿದ್ದನ್ನು ನಾವು ಇವತ್ತಿಗೂ ಹೆಮ್ಮೆಯಿಂದ ನೆನೆಯುತ್ತೇವೆ. ಆ ಮಾತು ಕನ್ನಡ ಲಿಪಿಯಲ್ಲೇ ದಾಖಲೆಗೆ ಸೇರಲಿ ಎಂದು ಯಾರೂ ಹಠ ಹಿಡಿದಂತಿಲ್ಲ.

ಇಲಾಖೆಗಳ ಕೆಲಸ ಪರಿಶೀಲಿಸುವ ಸಂಸತ್ತಿನ ಸ್ಥಾಯಿ ಸಮಿತಿಗಳ ವರದಿಯನ್ನೂ ತಿರುವಿದೆ. ಒಂದೊಂದು ಸಮಿತಿಯಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಸಭೆ ನಡೆಯುವುದು ಮುಚ್ಚಿದ ಬಾಗಿಲೊಳಗೆ. ಆದರೆ ವರದಿಯ ಕೊನೆಗೆ ನಡಾವಳಿ ಲಗತ್ತಿಸಿರುತ್ತಾರೆ, ಅಂದು ಯಾರು ಬಂದಿದ್ದರು ಎಂಬ ಪಟ್ಟಿಯೂ ಅಲ್ಲಿರುತ್ತದೆ. ಕ್ಯಾಮೆರಾ ಇಲ್ಲದ, ಚಪ್ಪಾಳೆ ಇಲ್ಲದ ಕೋಣೆಗೆ ಯಾರು ಹೋಗಿ ಕುಳಿತರು ಎಂಬುದು ಸದನದ ಸಹಿಗಿಂತ ಹೆಚ್ಚು ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ. ನಮ್ಮವರು ಅಲ್ಲಿ ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದರು.

ಮೂರನೆಯ ಮಾತು ಹಣದ್ದು. ಇಲ್ಲಿ ನಾನು ಮನೆಯಿಂದ ಎದ್ದು ಹೊರಡಬೇಕಾಯಿತು.

ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆ ಶುರುವಾದದ್ದು 1993ರ ಡಿಸೆಂಬರ್‌ನಲ್ಲಿ, ತಲಾ 5 ಲಕ್ಷ ರೂಪಾಯಿಯಿಂದ. ಆಮೇಲೆ ಒಂದು ಕೋಟಿ, ಎರಡು ಕೋಟಿ, 2011-12ರಿಂದ ವರ್ಷಕ್ಕೆ 5 ಕೋಟಿ. ಐದು ವರ್ಷಕ್ಕೆ 25 ಕೋಟಿ ಎಂದು ಪುಸ್ತಿಕೆ ಬರೆದವರು ಐದೈದಲಿ ಇಪ್ಪತ್ತೈದು ಎಂದು ಮಗ್ಗಿ ಹೇಳಿ ಮುಗಿಸಿದ್ದಾರೆ ಎಂದುಕೊಂಡೆ. ಆದರೆ 2020ರ ಏಪ್ರಿಲ್‌ನಲ್ಲಿ ಕೋವಿಡ್ ಕಾರಣಕ್ಕೆ ಕೇಂದ್ರ ಸರ್ಕಾರ ಈ ಯೋಜನೆಯನ್ನು ತಡೆಹಿಡಿಯಿತು. 2020-21ಕ್ಕೆ ಏನೂ ಇಲ್ಲ. 2021ರ ನವೆಂಬರ್‌ನಲ್ಲಿ ಮರಳಿ ತಂದಾಗ ಆ ವರ್ಷದ ಉಳಿದ ಅವಧಿಗೆ ಕೊಟ್ಟದ್ದು 2 ಕೋಟಿ. ಕೂಡಿದರೆ 17ನೇ ಲೋಕಸಭೆಯ ಸದಸ್ಯರೊಬ್ಬರ ಪಾಲು 17 ಕೋಟಿಯೇ ಹೊರತು 25 ಅಲ್ಲ. ಬಾರದ 8 ಕೋಟಿಯಲ್ಲಿ ಯಾವ ಕಾಮಗಾರಿ ಮಾಡಿಸಿದರು ಎಂಬ ಕುತೂಹಲವೇ ನನ್ನನ್ನು ಜಿಲ್ಲಾ ಕೇಂದ್ರದ ಬಸ್ ಹತ್ತಿಸಿದ್ದು.

ಮಾಹಿತಿ ಹಕ್ಕಿನ ಅರ್ಜಿಗೆ ನಮ್ಮ ರಾಜ್ಯದ ನಿಯಮದಲ್ಲಿ ಎರಡು ಕಟ್ಟುಗಳಿವೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ ಸಾಮಾನ್ಯವಾಗಿ 150 ಪದದೊಳಗೆ. ಪದಗಳನ್ನು ಬೆರಳಲ್ಲಿ ಎಣಿಸಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಜಿಲ್ಲಾಧಿಕಾರಿ ಕಚೇರಿಯ ಟಪಾಲು ಶಾಖೆಯಲ್ಲಿ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೆ. ಐದು ವರ್ಷಗಳಲ್ಲಿ ಸಂಸದರು ಶಿಫಾರಸು ಮಾಡಿದ ಕಾಮಗಾರಿಗಳು, ಮಂಜೂರಾದವು, ಪೂರ್ಣಗೊಂಡವು, ಪ್ರತಿಯೊಂದಕ್ಕೂ ಪಾವತಿಯಾದ ಮೊತ್ತ, ಇಷ್ಟೇ ಕೇಳಿದ್ದು. ವಿಷಯ ನಿರ್ವಾಹಕರಾಗಿದ್ದ ಮಹಿಳೆ ಅರ್ಜಿ ಓದಿ ತಲೆಯೆತ್ತಿದರು.

“ಸರ್, ನೀವು ಯಾವ ಪಕ್ಷದವರು?”

“ಯಾವ ಪಕ್ಷವೂ ಅಲ್ಲ ಮೇಡಂ. ಆಡಿಟ್ ಮಾಡುತ್ತಿದ್ದೆ.”

“ಹಾಗಿದ್ದರೆ ಇನ್ನೂ ಕಷ್ಟ” ಎಂದು ನಕ್ಕರು.

ಅರ್ಜಿ ಅಲ್ಲಿಂದ ಸೆಕ್ಷನ್ 6(3)ರ ಅಡಿ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗಕ್ಕೆ ಹೋಯಿತು. ಅವರು ನಮ್ಮಲ್ಲಿ ನಮ್ಮ ಕಾಮಗಾರಿಗಳು ಮಾತ್ರ ಎಂದರು. ನಿರ್ಮಿತಿ ಕೇಂದ್ರಕ್ಕೆ ವಹಿಸಿದವು ಬೇರೆ, ಲೋಕೋಪಯೋಗಿಗೆ ವಹಿಸಿದವು ಬೇರೆ. 30 ದಿನದ ಗಡುವು ಮುಗಿದ ಮೇಲೆ ಮೊದಲ ಮೇಲ್ಮನವಿ ಹಾಕಿದೆ. ಶಿಫಾರಸು ಪಡೆದು ಮಂಜೂರಾತಿ ಕೊಡುವುದು ಜಿಲ್ಲಾಧಿಕಾರಿಯೇ ಆದಮೇಲೆ ಇಡೀ ಪಟ್ಟಿ ಅವರಲ್ಲಿ ಇಲ್ಲದೆ ಇನ್ನೆಲ್ಲಿರುತ್ತದೆ ಎಂಬ ಒಂದೇ ವಾದ ನನ್ನದು. ವಿಚಾರಣೆಯಲ್ಲಿ ಅಧಿಕಾರಿ ಹೆಚ್ಚು ಮಾತಾಡದೆ ಕಡತ ತೋರಿಸಿ ಎಂದು ಆದೇಶಿಸಿದರು. ಆಮೇಲೆ ನನಗೆ ಕುರ್ಚಿ ಹಾಕಿಸಿ, ಫ್ಯಾನಿನ ಕೆಳಗೆ ಕಡತಗಳ ಗುಡ್ಡೆ ಇಡಿಸಿದ್ದು ಅದೇ ಮೇಡಂ. ಬೇಕಾದ ಪುಟಗಳ ನಕಲಿಗೆ ಪುಟಕ್ಕೆ 2 ರೂಪಾಯಿ ಕಟ್ಟಿದೆ.

ಕಡತದಲ್ಲಿ 25 ಕೋಟಿಯ ಗುಟ್ಟು ಹೊರಬಿತ್ತು. ಅದು ಶಿಫಾರಸು ಪತ್ರಗಳ ಒಟ್ಟು ಮೊತ್ತ. ಸಂಸದರು ಸಹಿ ಹಾಕಿದ ಪತ್ರಗಳೆಲ್ಲ ಪುಸ್ತಿಕೆಯವರ ಲೆಕ್ಕದಲ್ಲಿ ಸಾಧನೆ. ಅವುಗಳಲ್ಲಿ ಕೆಲವು ಜಾಗದ ತಕರಾರಿನಿಂದ ನಿಂತಿದ್ದವು. ಕೆಲವಕ್ಕೆ ಅಂದಾಜುಪಟ್ಟಿ ಆಗಿತ್ತು, ಆಡಳಿತಾತ್ಮಕ ಅನುಮೋದನೆ ಆಗಿರಲಿಲ್ಲ. ಒಂದಿಷ್ಟನ್ನು ಸಂಸದರೇ ಹಿಂದಕ್ಕೆ ಪಡೆದು ಬದಲಿ ಪತ್ರ ಕೊಟ್ಟಿದ್ದರು, ಹಳೆಯದೂ ಬದಲಿಯೂ ಎರಡೂ ಕೂಡಿಕೊಂಡಿದ್ದವು. ಬಾರದ ಹಣವನ್ನು ಯಾರೂ ನುಂಗಿರಲಿಲ್ಲ. ಅದು ಬಂದೇ ಇರಲಿಲ್ಲ. ಈ ಮಾತನ್ನು ನಾನು ಊರಿನಲ್ಲಿ ಒತ್ತಿ ಹೇಳಬೇಕಾಯಿತು, ಏಕೆಂದರೆ ಎಂಟು ಕೋಟಿ ಎಂಬ ಅಂಕಿ ಹೊರಬಿದ್ದ ದಿನವೇ ಚಹಾದ ಅಂಗಡಿಯಲ್ಲಿ ಅದು ಹಗರಣವಾಗಿಬಿಟ್ಟಿತ್ತು.

ಮುಗಿದ ಕಾಮಗಾರಿಗಳನ್ನು ನೋಡಲು ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರನ್ನು ಜೊತೆ ಮಾಡಿಕೊಂಡೆ. ಸ್ಕೂಟರ್ ಅವರದು, ಅಳತೆಯ ಟೇಪು ನನ್ನದು. ಒಂದು ಬಸ್ ತಂಗುದಾಣದ ಮೇಲೆ ಎರಡು ಫಲಕಗಳಿದ್ದವು, ಒಂದು ಸಂಸದರ ನಿಧಿಯದು, ಇನ್ನೊಂದು ಶಾಸಕರ ನಿಧಿಯದು. ಡಬಲ್ ಬಿಲ್ ಸಿಕ್ಕಿತು ಎಂದು ಮೇಷ್ಟ್ರು ಹಿಗ್ಗಿದರು. ಕಡತ ನೋಡಿದರೆ ಎರಡೂ ನಿಧಿಯಿಂದ ಪಾಲು ಹಾಕಿ ಕಟ್ಟಿದ್ದು. ನಿಯಮದಲ್ಲಿ ಅದಕ್ಕೆ ಅವಕಾಶವಿದೆ. ಒಳಗೆ ಕುಳಿತಿದ್ದ ಅಜ್ಜಿಯನ್ನು ಕೇಳಿದರೆ “ಪಂಚಾಯ್ತಿಯವರು ಕಟ್ಟಿಸಿದ್ದಪ್ಪ” ಎಂದರು.

ಪೂಜಾ ಸ್ಥಳಗಳಿಗೆ ಈ ಹಣ ಬಳಸುವಂತಿಲ್ಲ. ಆದ್ದರಿಂದ ಪಟ್ಟಿಯಲ್ಲಿ ದೇವಸ್ಥಾನ ಎಂಬ ಶಬ್ದ ಎಲ್ಲೂ ಇಲ್ಲ, ಸಮುದಾಯ ಭವನಗಳಿವೆ. ನಾವು ನೋಡಿದ ಭವನಗಳಲ್ಲಿ ಒಂದು ದೇವಸ್ಥಾನಕ್ಕೆ ಗೋಡೆ ಹಂಚಿಕೊಂಡಿತ್ತು, ಅಲ್ಲಿ ಪ್ರಸಾದದ ಪಂಕ್ತಿ ನಡೆಯುತ್ತಿತ್ತು. ಒಂದೇ ಗೋಡೆಯಲ್ಲಿ ನಿಯಮವನ್ನೂ ಭಕ್ತಿಯನ್ನೂ ಸಮಾಧಾನಪಡಿಸಿದ ಇಂಜಿನಿಯರ್‌ಗೆ ಮನಸ್ಸಿನಲ್ಲೇ ಕೈಮುಗಿದೆ. ಇನ್ನೊಂದು ಭವನಕ್ಕೆ ಬೀಗ. ಬೀಗದ ಕೈ ಯಾರ ಬಳಿ ಎಂಬುದರ ಬಗ್ಗೆಯೇ ಊರಿನಲ್ಲಿ ಎರಡು ಗುಂಪು.

ನನ್ನನ್ನು ನಿಜವಾಗಿ ಕೆರಳಿಸಿದ್ದು ಒಂದು ಕಾಂಕ್ರೀಟ್ ರಸ್ತೆ. ವಾರ್ಷಿಕ ನಿಧಿಯಲ್ಲಿ ಕನಿಷ್ಠ ಶೇ 15 ಪರಿಶಿಷ್ಟ ಜಾತಿಯವರ, ಶೇ 7.5 ಪರಿಶಿಷ್ಟ ಪಂಗಡದವರ ವಾಸಪ್ರದೇಶಗಳಿಗೆ ಹೋಗಬೇಕು. ಕಾಗದದ ಮೇಲೆ ಆ ಪಾಲು ಪೈಸೆ ತಪ್ಪದೆ ಕೂಡಿತ್ತು. ಸ್ಥಳಕ್ಕೆ ಹೋದರೆ ‘ಪರಿಶಿಷ್ಟ ಜಾತಿ ಕಾಲೊನಿಗೆ ರಸ್ತೆ’ ಎಂಬ ಕಾಮಗಾರಿ ಮುಖ್ಯರಸ್ತೆಯಿಂದ ಹೊರಟು, ಊರಿನ ದೊಡ್ಡ ಮನೆಗಳ ಮುಂದೆಲ್ಲ ಹಾದು, ಕಾಲೊನಿಯ ಬಾಯಿಗೆ ಬಂದು ನಿಂತಿತ್ತು. ಒಳಗೆ ಹಳೆಯ ಮಣ್ಣಿನ ದಾರಿಯೇ. ಮೇಷ್ಟ್ರು ಅಳೆದು ನಕ್ಷೆ ಬರೆದರು. ಅಳತೆ ಪುಸ್ತಕದಲ್ಲಿ ಇದ್ದ ಉದ್ದಕ್ಕೂ ನಮ್ಮ ಟೇಪಿನ ಉದ್ದಕ್ಕೂ ವ್ಯತ್ಯಾಸವಿರಲಿಲ್ಲ, ಲೆಕ್ಕ ಸರಿಯಾಗಿತ್ತು. ಶೇ 15ರ ಖಾತೆಗೆ ಪೂರ್ತಿ ರಸ್ತೆ ಜಮೆಯಾಗಿತ್ತು, ಅಷ್ಟೇ. ಆ ರಸ್ತೆಗೆ ಶಿಫಾರಸು ಪತ್ರ ಬರೆದದ್ದು ಸಂಸದರು, ತಿರುವು ತೀರ್ಮಾನಿಸಿದ್ದು ಯಾರೋ. ಕಾಲೊನಿಯ ಯುವಕನೊಬ್ಬ ನಕ್ಷೆಯ ನಕಲು ಕೇಳಿ ಪಡೆದು, ಉಳಿದ ಉದ್ದಕ್ಕೆ ಮನವಿ ಬರೆದುಕೊಂಡು ಜಿಲ್ಲಾಧಿಕಾರಿ ಕಚೇರಿಗೆ ಹೋದ.

2023ರ ಏಪ್ರಿಲ್‌ನಿಂದ ಹೊಸ ಮಾರ್ಗಸೂಚಿ ಬಂದು ಶಿಫಾರಸು, ಮಂಜೂರಾತಿ, ಪಾವತಿ ಎಲ್ಲವೂ ‘ಇ-ಸಾಕ್ಷಿ’ ಜಾಲತಾಣದ ಮೂಲಕ ನಡೆಯುತ್ತಿವೆ. ಕಡತದ ಧೂಳು ಕಡಿಮೆಯಾಗಬಹುದು. ರಸ್ತೆ ಎಲ್ಲಿ ನಿಂತಿತು ಎಂದು ನೋಡಲು ಸ್ಕೂಟರ್ ಬೇಕೇ ಬೇಕು.

ಚುನಾವಣೆ ಮುಗಿದ ಮೇಲೆ ಅದರ ಖರ್ಚಿನ ಲೆಕ್ಕವನ್ನೂ ನೋಡಿದೆ. ಫಲಿತಾಂಶದ 30 ದಿನದೊಳಗೆ ಪ್ರತಿ ಅಭ್ಯರ್ಥಿ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಒಪ್ಪಿಸಬೇಕು. ಕರ್ನಾಟಕದಂಥ ದೊಡ್ಡ ರಾಜ್ಯದ ಲೋಕಸಭಾ ಅಭ್ಯರ್ಥಿಗೆ ಮಿತಿ 95 ಲಕ್ಷ, ವಿಧಾನಸಭೆಗೆ 40 ಲಕ್ಷ. ಚುನಾವಣೆ ನಡೆಸುವ ನಿಯಮಗಳ 88ನೇ ನಿಯಮ ಹೇಳುವಂತೆ ಒಂದು ರೂಪಾಯಿ ಶುಲ್ಕ ಕೊಟ್ಟು ಯಾರು ಬೇಕಾದರೂ ಅದನ್ನು ನೋಡಬಹುದು. ನಾನು ಒಂದು ರೂಪಾಯಿ ನಾಣ್ಯ ಮುಂದಿಟ್ಟೆ. ಅದನ್ನು ಯಾವ ಲೆಕ್ಕಶೀರ್ಷಿಕೆಗೆ ಜಮೆ ಮಾಡಿ ರಸೀದಿ ಹರಿಯಬೇಕೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗೇ ನೋಡಿಕೊಂಡು ಹೋಗಿ ಎಂದರು. ಶುಲ್ಕವಿಲ್ಲದೆ ನೋಡುವುದು ನಿಯಮಬಾಹಿರ ಎಂದು ನಾನು ಕುಳಿತೆ. ಕೊನೆಗೆ ಬಿಳಿ ಹಾಳೆಯಲ್ಲಿ ಒಂದು ರೂಪಾಯಿ ಸಂದಾಯವಾಗಿದೆ ಎಂದು ಬರೆಸಿಕೊಂಡೆ. ಇದು ಜಂಬವೆಂದು ತಿಳಿಯುವವರು ತಿಳಿಯಲಿ.

ಅಭ್ಯರ್ಥಿಯ ಆ ಖರ್ಚಿನ ಪುಸ್ತಕದಲ್ಲಿ ಬಿಳಿ ಪುಟ ದಿನವಹಿ ಖರ್ಚಿಗೆ, ಗುಲಾಬಿ ಪುಟ ನಗದಿಗೆ, ಹಳದಿ ಪುಟ ಬ್ಯಾಂಕಿಗೆ. ಚಹಾ, ಊಟ, ಕುರ್ಚಿ, ಶಾಮಿಯಾನಕ್ಕೆ ಜಿಲ್ಲಾಡಳಿತವೇ ದರಪಟ್ಟಿ ನಿಗದಿ ಮಾಡಿರುತ್ತದೆ. ಬರೆದವರ ಕೈಬರಹ ಅಚ್ಚುಕಟ್ಟು, ಮೊತ್ತ ಮಿತಿಯ ಎಷ್ಟೋ ಕೆಳಗೆ. ನಾನು ಕಣ್ಣಾರೆ ಕಂಡ ಮೆರವಣಿಗೆಗಳಿಗೂ ಆ ಪುಟಗಳಿಗೂ ತಾಳೆ ಆಗಲಿಲ್ಲ, ಆದರೆ ತಪ್ಪು ಎನ್ನಲೂ ಬರುವುದಿಲ್ಲ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ; ತಾರಾ ಪ್ರಚಾರಕರ ಪ್ರಯಾಣವೆಚ್ಚ ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. 95 ಲಕ್ಷದ ಬೇಲಿಗೆ ಒಂದು ಕಡೆ ಬಾಗಿಲನ್ನೇ ಇಟ್ಟಿಲ್ಲ.

ಸಂಸದರ ಪ್ರಯಾಣಭತ್ಯೆಯ ವಿವರ ಕೇಳುವ ಯೋಚನೆಯೂ ಇತ್ತು. ಆದರೆ ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಲು ಅವಕಾಶ ಕೊಡುವ ಮಾಹಿತಿ ಹಕ್ಕಿನ ಸೆಕ್ಷನ್ 8(1)(ಜೆ)ಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬದಲಿಸಿದೆ. ಸಂಸತ್ತಿಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸಬಾರದು ಎಂಬ ಸಾಲು ಮೊದಲು ಅಲ್ಲಿತ್ತು, ಈಗ ಅದನ್ನು ತೆಗೆದಿದ್ದಾರೆ. ನನ್ನಂಥವರ ಕೈಯಲ್ಲಿದ್ದ ಒಳ್ಳೆಯ ಆಯುಧವೆಂದರೆ ಅದೇ ಸಾಲು.

ಇಷ್ಟಾದ ಮೇಲೆ ಶಾಸಕರದ್ದನ್ನೂ ತೆಗೆಯಿರಿ ಎಂದು ಊರಿನವರು ಹುರಿದುಂಬಿಸಿದರು. ಅದು ಇನ್ನೂ ಕಗ್ಗಂಟು. ವರ್ಷಕ್ಕೆ 60 ದಿನವಾದರೂ ಅಧಿವೇಶನ ನಡೆಯಬೇಕೆಂದು ನಮ್ಮ ರಾಜ್ಯವೇ 2005ರಲ್ಲಿ ಕಾನೂನು ಮಾಡಿಕೊಂಡಿದೆ, ಪಾಲಿಸುವವರು ಯಾರು? ನಮ್ಮ ಎಲ್ಲ ಶಾಸಕರೂ ಎತ್ತ ನಿಂತರು ಎಂದು ಇಡೀ ರಾಜ್ಯ ಟಿವಿಯ ಮುಂದೆ ಕುಳಿತು ನೋಡಿದ್ದು 2019ರ ಜುಲೈ 23ರಂದು, ವಿಶ್ವಾಸಮತ 99ಕ್ಕೆ 105ರಂತೆ ಬಿದ್ದಾಗ. 2025ರ ಮಾರ್ಚ್ 21ರಂದು ಶಾಸಕರ ವೇತನವನ್ನು 40,000ದಿಂದ 80,000ಕ್ಕೆ ಏರಿಸಿದ ಮಸೂದೆ ಗದ್ದಲದ ನಡುವೆಯೇ ಚರ್ಚೆಯಿಲ್ಲದೆ ಪಾಸಾಯಿತು. ಬೇಡವೆಂದವರು ಯಾರಾದರೂ ಇದ್ದರೇ ಎಂದು ಹುಡುಕುವ ಶ್ರಮವನ್ನು ನಾನು ತೆಗೆದುಕೊಳ್ಳಲಿಲ್ಲ.

ಬದಲಿಗೆ ಅಡಿಕೆಯ ಪ್ರಶ್ನೋತ್ತರಗಳನ್ನು ಕನ್ನಡಕ್ಕೆ ತಂದು ತಾಲ್ಲೂಕು ಗ್ರಂಥಾಲಯದಲ್ಲಿ ಇಟ್ಟೆ. ಅದನ್ನು ಓದಿದ ಬೆಳೆಗಾರರು ತಮಗೆ ಬೇಕಾದ ಪ್ರಶ್ನೆ ಅಲ್ಲಿ ಇಲ್ಲವೇ ಇಲ್ಲ ಎಂದರು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಪಂಚಾಯಿತಿಯ ಮಳೆಮಾಪನ ಯಂತ್ರದ ಅಂಕಿಯ ಮೇಲೆ. ಯಂತ್ರವೇ ಕೆಟ್ಟು ಕುಳಿತರೆ? ನಾವೆಲ್ಲ ಸೇರಿ ಆ ಪ್ರಶ್ನೆಯನ್ನು ಬರೆದು ಈಗಿನ ಸಂಸದರಿಗೆ ಕಳಿಸಿದೆವು. ಅವರು ಅದೇ ಸಂಸದರಿರಬಹುದು, ಬೇರೆಯವರೂ ಇರಬಹುದು. ಚುಕ್ಕೆ ರಹಿತ ಪ್ರಶ್ನೆಯಾಗಿ ಅದು ಬಂತು, ಅರ್ಧ ನಮ್ಮ ಮಾತಿನಲ್ಲೇ. ಉತ್ತರ: ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದ್ದು ಸದನದ ಮುಂದೆ ಇಡಲಾಗುವುದು.

ಬೆಳೆಗಾರರು ಮುಖ ಸಣ್ಣ ಮಾಡಿದರು. ನನಗೆ ಹಾಗೆ ಅನಿಸಲಿಲ್ಲ. ಸಂಸತ್ತಿನ ಭಾಷೆಯಲ್ಲಿ ಅದು ಆಶ್ವಾಸನೆ. ಮೂರು ತಿಂಗಳೊಳಗೆ ಈಡೇರಿಸಬೇಕು, ಈಡೇರದಿದ್ದರೆ ಸರ್ಕಾರಿ ಆಶ್ವಾಸನೆಗಳ ಸಮಿತಿ ಸಚಿವಾಲಯವನ್ನು ಕೇಳುತ್ತದೆ. ಮೂರು ತಿಂಗಳು ಆಗಲೇ ಕಳೆದಿವೆ. ಸಮಿತಿಗೆ ಬರೆಯುವ ಪತ್ರದ ಕರಡು ಮೇಷ್ಟ್ರ ಬಳಿ ಇದೆ, ಈ ಸಲ ಅದರ ಜೊತೆ ಕೆಟ್ಟ ಯಂತ್ರಗಳ ನಕ್ಷೆಯನ್ನೂ ಬರೆಯುತ್ತಿದ್ದಾರೆ.